ಬರಿಗಾಲಿಲೆ ಬರ್ತೀನಿ ಅಂದವರು

ಶಾಸಕನಾಗಿ ನಾನು ಆಡಿದ ಮಾತುಗಳಲ್ಲಿ ಹೆಚ್ಚಿನವು ನನಗೆ ನೆನಪಿಲ್ಲ. ಪ್ರಚಾರದ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಡ ಕಂಡ ಕಟ್ಟೆ ಹತ್ತಿ ಮಾತಾಡಿದವನು ಎಲ್ಲವೂ ನೆನಪಿದೆ ಎಂದರೆ ಅವನನ್ನು ನಂಬಬಾರದು. ಆದರೆ ಆಡದ ಮಾತು ಯಾವುದು ಎಂಬುದರಲ್ಲಿ ನನಗೆ ಗೊಂದಲವಿರಲಿಲ್ಲ. ಹರಕೆಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಗುಡಿಯ ಮುಂದೆ ಕೈ ಮುಗಿಯುವಾಗಲೂ ಮನಸ್ಸು ಪುರಾವೆ ಕೇಳುತ್ತದೆ.

ಪಾಮನಕಲ್ಲೂರಿನಿಂದ ಒಳದಾರಿ ಹಿಡಿದರೆ ಒಂದು ಊರು ಸಿಗುತ್ತದೆ. ಮಳೆ ಬಂದರೆ ಜೋಳ, ತೊಗರಿ. ಬಾರದಿದ್ದರೆ ಹಟ್ಟಿಯ ಚಿನ್ನದ ಗಣಿಯ ಕಡೆ ಕೂಲಿ. ಸಿಂಧನೂರಿನ ಸಂತೆಗೆ ಬಂದಾಗೆಲ್ಲ ಕಾಲುವೆ ಪಕ್ಕದ ಭತ್ತದ ಗದ್ದೆಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದ ಜನ ಅವರು. ನನ್ನ ಎರಡನೇ ಅವಧಿಯಲ್ಲಿ ಆ ಊರಿನ ಕೆರೆಗೆ ಪೈಪಿನಲ್ಲಿ ನದಿಯ ನೀರು ಬಂತು, ಕೆರೆ ತುಂಬಿತು. ಬಾಗಿನ ಬಿಡಲು ನಾನು ಹೋಗಬೇಕಿತ್ತು. ಹಿಂದಿನ ಸಲ ನಾನು ಗೆದ್ದದ್ದೇ ಆ ಊರಿನ ಕಡೆಯ ವೋಟಿನಿಂದ. ಮುಂದಿನ ಚುನಾವಣೆ ಹತ್ತಿರವೇ ಇತ್ತು.

ಬಾಗಿನದ ಹಿಂದಿನ ದಿನ ಲಿಂಗಸುಗೂರಿನಲ್ಲಿ ಅಧಿಕಾರಿಗಳ ಸಭೆಯಲ್ಲಿದ್ದೆ. ಆ ಊರಿನ ಪಂಚಾಯಿತಿ ಸದಸ್ಯನ ಫೋನು ಬಂತು.

"ಸಾಹೇಬ್ರ, ನಾಳೆ ಕಾರು ಪಾಮನಕಲ್ಲೂರಾಗ ಬಿಡ್ರಿ. ಅಲ್ಲಿಂದ ಬರಿಗಾಲಿಲೆ ನಡಕೊಂಡು ಬರ್ರಿ."

"ಯಾಕಪಾ?"

"ನೀವಽ ಅಂದಿದ್ರಲ್ರೀ. ಕೆರಿ ತುಂಬಿದ್ರ ಬರಿಗಾಲಿಲೆ ಬರ್ತೀನಿ ಅಂತ, ಹನುಮಪ್ಪನ ಕಟ್ಟಿ ಮ್ಯಾಲ ನಿಂತು."

"ನಾ ಅಂದಿಲ್ಲ."

"ಅಂದೀರಿ ಅಂತ ಮಂದಿ ಅನ್ನಾಕತ್ತೈತ್ರೀ. ಕಟ್ಟಿ ಬಾಜೂ ಮನಿ ಆಯಿ ತನ್ನ ಕಿವಿಲೆ ಕೇಳ್ಯಾಳ. ಕಾರಿನ್ಯಾಗ ಬಂದ್ರ ಮಾತಿಗೆ ತಪ್ಪಿದ ಅಂತಾರ. ಆಮ್ಯಾಲ ವೋಟಿನ ಟೈಮಿನ್ಯಾಗ ನನ್ನ ಕೇಳಬ್ಯಾಡ್ರಿ."

ಇದು ಯಾರ ಮಾತಿರಬಹುದು ಎಂದು ಯೋಚಿಸಿದಾಗ ನನಗೆ ಒಬ್ಬರ ಮೇಲೆ ಅನುಮಾನ ಬಂತು. ನನಗಿಂತ ಮೊದಲು ಶಾಸಕರಾಗಿದ್ದ, ನನ್ನೆದುರು ಸೋತ ಹಿರಿಯರು. ಹೋದಲ್ಲೆಲ್ಲ ಹರಕೆ ಹೊರುವುದು ಅವರ ರೂಢಿ. ಬಹಳ ಹಿಂದೆ ಬೈಕಿನಿಂದ ಬಿದ್ದು ಅವರ ಎಡಗಾಲು ಕುಂಟು. ಫೋನ್ ಹಚ್ಚಿದೆ.

"ಕಾಕಾ, ಆ ಹರಕಿ ನಿಮ್ದಲ್ಲೇನು?"

"ಲೇ, ಕುಂಟ ನಡಕೊಂಡು ಬರ್ತೀನಿ ಅಂತಾನೇನು? ನೀನಽ ಅಂದಿರ್ತಿ. ಗೆದ್ದವ ನೀನು, ನಡಿಯಾವನೂ ನೀನು. ಮುಲಾಮು ಬೇಕಾದ್ರ ನಮ್ಮನಿಗೆ ಬಾ," ಎಂದು ನಕ್ಕರು.

ಸಿಂಧನೂರಿನ ಮನೆಗೆ ಮರಳುವಾಗ ಕಾರಿನಲ್ಲಿ ಇದನ್ನೇ ಯೋಚಿಸಿದೆ. ಮಸ್ಕಿಯ ಬಂಡೆಯ ಮೇಲಿನಂಥ ಶಾಸನಗಳನ್ನು ಬಿಟ್ಟರೆ ಈ ಸೀಮೆಯಲ್ಲಿ ಯಾರು ಏನು ಹೇಳಿದರು ಎಂಬುದು ಕಲ್ಲಿನಲ್ಲಿ ಉಳಿದಿಲ್ಲ. ಒಬ್ಬ ಮುದುಕಿಯ ಕಿವಿ ಯಾವ ಆಧಾರ? ಹಾಗೆ ಕೇಳಿಕೊಂಡ ಮೇಲೆ ಇನ್ನೊಂದು ಪ್ರಶ್ನೆ ಬಂತು. ಪ್ರತಿ ಸಭೆಯಲ್ಲೂ ನಾನು "ಈ ನೀರು ತಂದವನು ನಾನು" ಎನ್ನುತ್ತಿದ್ದೆ. ಕೆರೆ ತುಂಬಿಸುವ ಯೋಜನೆ ಶುರುವಾದದ್ದು ಆ ಹಿರಿಯರ ಕಾಲದಲ್ಲಿ. ನಾನು ಬೆನ್ನು ಹತ್ತಿ ಮುಗಿಸಿದೆ. ಅದಕ್ಕೆ ಆ ಊರಿನವರು ನನ್ನಲ್ಲಿ ಯಾವ ಆಧಾರವನ್ನೂ ಕೇಳಿರಲಿಲ್ಲ. ನೀರಿನ ಹೆಸರು ನನಗಿರಲಿ, ಹರಕೆ ಮಾತ್ರ ಬೇರೆಯವರದು ಎನ್ನುವುದು ನನ್ನ ತರ್ಕಕ್ಕೇ ಒಗ್ಗಲಿಲ್ಲ. ನಡೆಯುವುದೆಂದು ನಿರ್ಧರಿಸಿದೆ. ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಮಾರನೆಯ ದಿನ ಪಾಮನಕಲ್ಲೂರಿನಲ್ಲಿ ಚಪ್ಪಲಿ ಬಿಟ್ಟೆ. ಮೊದಲ ತಿರುವಿನವರೆಗೆ ದಾರಿ ನುಣ್ಣಗಿತ್ತು. ಅಲ್ಲಿಂದ ಮುಂದೆ ನಾನೇ ಭೂಮಿಪೂಜೆ ಮಾಡಿದ್ದ ರಸ್ತೆ: ಜಲ್ಲಿ ಹರಡಿ ಬಿಟ್ಟಿದ್ದರು, ಟಾರು ಬಿದ್ದಿರಲಿಲ್ಲ. ಕಾರಿನಲ್ಲಿ ಹೋಗುವಾಗ ಅದು ಬರೀ ಸದ್ದಾಗಿತ್ತು. ಈಗ ಒಂದೊಂದು ಕಲ್ಲೂ ಬೇರೆಯಾಗಿ ಚುಚ್ಚಿತು. ಜೊತೆಗೆ ನಡೆಯುತ್ತಿದ್ದ ಒಬ್ಬ ರೈತ ಕೆಳಗೆ ನೋಡುತ್ತಲೇ ಹೇಳಿದ:

"ಟಾರು ಹಾಕಸ್ರಿ ಅಂತ ಹೋದ ವರ್ಷದಿಂದ ಹೇಳಾಕತ್ತೀವಿ. ಗಾಲಿಗೆ ತಿಳೀಲಿಲ್ಲ. ಕಾಲಿಗರ ತಿಳೀತೇನ್ರೀ, ಸಾಹೇಬ್ರ?"

ಜನ ನಕ್ಕರು, ನಾನೂ ನಕ್ಕೆ. ಅಲ್ಲೇ ನಿಂತು ಎಂಜಿನಿಯರಿಗೆ ಫೋನ್ ಮಾಡಿದೆ. ಎಲ್ಲಿಂದ ಮಾತಾಡುತ್ತಿದ್ದೇನೆ, ಹೇಗೆ ನಿಂತಿದ್ದೇನೆ ಎರಡನ್ನೂ ಹೇಳಿದೆ.

ಊರು ಮುಟ್ಟುವ ಹೊತ್ತಿಗೆ ಎಡ ಹಿಮ್ಮಡಿ ಒಡೆದು ನಾನು ಕುಂಟುತ್ತಿದ್ದೆ. ಕೆರೆಯ ಏರಿಯ ಮೇಲೆ ಕಟ್ಟೆ ಬಾಜುವಿನ ಆಯಿ ತಂಬಿಗೆ ಹಿಡಿದು ಕಾಯುತ್ತಿದ್ದಳು. ನನ್ನ ಕಾಲಿಗೆ ನೀರು ಸುರಿದು ಊರಿಗೆಲ್ಲ ಕೇಳುವಂತೆ ಹೇಳಿದಳು:

"ನಾ ಹೇಳಿದ್ದಿಲ್ಲೇನು ಇವ ಬರ್ತಾನಂತ? ಅವತ್ತೂ ಹಿಂಗಽ ಎಡಗಾಲು ಎಳಕೊಂತ ಕಟ್ಟಿ ಹತ್ತಿದ್ದ!"

ಪಂಚಾಯಿತಿ ಸದಸ್ಯ ಗಕ್ಕನೆ ನನ್ನ ಮುಖ ನೋಡಿದ. ಆ ಕಾಲು ಯಾರದೆಂದು ಇಬ್ಬರಿಗೂ ಗೊತ್ತಾಯಿತು. ನಿನ್ನೆ ನಾನು ಹುಡುಕುತ್ತಿದ್ದ ಪುರಾವೆ ಇಡೀ ಊರಿನೆದುರು, ಅದೂ ಸಾಕ್ಷಿಯ ಬಾಯಿಂದಲೇ ಬಂದಿತ್ತು.

"ಎಡಗಾಲೇನಬೇ?" ಎಂದೆ.

"ಹೂಂ, ಎಡಗಾಲಽ. ಮರ್ತೀಯೇನು?"

ಅವಳ ಹಿಂದೆ ಕೆರೆ ದಂಡೆಯವರೆಗೆ ತುಂಬಿತ್ತು. ಕೊಡ ಹಿಡಿದ ಹೆಂಗಸರು ಆಗಲೇ ನೀರಿಗೆ ಇಳಿದಿದ್ದರು.

"ಮರ್ತಿದ್ದೆ," ಎಂದೆ.

"ಸಾಹೇಬ್ರ…" ಎಂದು ಸದಸ್ಯ ಬಾಯಿ ತೆರೆದ.

"ಬಾಗಿನ ತಾರಪಾ," ಎಂದೆ.

ಮುಂದಿನ ಚುನಾವಣೆಯಲ್ಲಿ ಆ ಊರು ನನ್ನ ಕೈ ಬಿಡಲಿಲ್ಲ. ರಸ್ತೆಗೆ ಅದಕ್ಕೂ ಮೊದಲೇ ಟಾರು ಬಿದ್ದಿತ್ತು. ಆಯಿಯ ಮಾತು ಹಿರಿಯರ ಕಿವಿಗೂ ಬಿತ್ತು. ಅವರು ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತಾರೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕೂತು, ತಮ್ಮ ಎಡಗಾಲು ಉದ್ದಕ್ಕೆ ಚಾಚಿ, ನನ್ನ ಎಡ ಹಿಮ್ಮಡಿಯ ಕಡೆ ನೋಡಿ ಕೇಳುತ್ತಾರೆ:

"ನನ್ನ ಕಾಲು ಹೆಂಗೈತೋ?"