ಹಾಲ್ಟಿನ ಬೆಂಚು

ತೀರ್ಥಹಳ್ಳಿಗೆ ರೈಲಿಲ್ಲ. ನನಗೆ ರೈಲಿನ ಹುಚ್ಚು ಹಿಡಿದದ್ದು ಬಹುಶಃ ಅದಕ್ಕೇ. ಊರಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೋ. ವಾರವಿಡೀ ಪಾಸ್‌ಪೋರ್ಟ್ ಸೈಜಿನ ಮುಖಗಳು. ಗಲ್ಲ ಎತ್ತಿ, ಕಣ್ಣು ಬಿಡಿ, ಅಲ್ಲಾಡಬೇಡಿ. ಶನಿವಾರ ಸಂಜೆಯ ಹೊತ್ತಿಗೆ ಮನುಷ್ಯರ ಮುಖ ಕಂಡರೇ ಮೈಯೆಲ್ಲ ಉರಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಶಟರ್ ಎಳೆದು, ಬೈಕಿನ ಹಿಂದೆ ಕ್ಯಾಮೆರಾ ಬ್ಯಾಗು ಬಿಗಿದು, ಸಾಗರಕ್ಕೆ ಹೋಗುವ ರೈಲಿನ ಹಾದಿ ಹಿಡಿಯುತ್ತಿದ್ದೆ. ಹಳೆಯ ಸ್ಟೇಷನ್ನು, ಬಣ್ಣ ಹೋದ ಬೋರ್ಡು, ತಿರುವಿನಲ್ಲಿ ಬರುವ ಇಂಜಿನ್ನು. ಒಂದು ಚಿತ್ರದಲ್ಲೂ ಜನ ಇರಬಾರದು ಎಂಬುದು ನನ್ನ ಹಟ.

ಹೊಸನಗರ ತಾಲ್ಲೂಕಿನ ಅಂಚಿನಲ್ಲಿ, ರೈಲು ಒಂದು ನಿಮಿಷ ನಿಲ್ಲುವ ಒಂದು ಹಾಲ್ಟು ನನಗೆ ಬಹಳ ಇಷ್ಟ. ಒಂದು ಗೂಡಿನಂಥ ಕೋಣೆ, ಒಂದು ಸಿಮೆಂಟ್ ಬೆಂಚು, ಅಷ್ಟೇ. ಅಲ್ಲಿ ಕಮಿಷನ್ ಮೇಲೆ ಟಿಕೆಟ್ ಮಾರುವ ಒಬ್ಬ ವಯಸ್ಸಾದವರಿದ್ದರು. ಇಲಾಖೆಯ ನೌಕರರಲ್ಲ, ಯೂನಿಫಾರ್ಮೂ ಇಲ್ಲ. ಟಿಕೆಟ್ಟುಗಳನ್ನು ಹಸಿರು ಬಣ್ಣದ ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ರೈಲು ಬರುವ ಒಂದು ಗಂಟೆ ಮೊದಲೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಎದ್ದು ಕಾಲರ್ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು.

"ಯಜಮಾನ್ರೇ, ಸ್ವಲ್ಪ ಆಚೆ ಹೋಗ್ತೀರಾ?" ಎನ್ನುತ್ತಿದ್ದೆ.

"ಓ, ಹೋದೆ ಹೋದೆ," ಎಂದು ಪೆಟ್ಟಿಗೆ ಬಗಲಿಗೆ ಸಿಕ್ಕಿಸಿ ಕೋಣೆಯ ಹಿಂದೆ ಸರಿಯುತ್ತಿದ್ದರು. ಮುಂದಿನ ಭಾನುವಾರ ಮತ್ತೆ ಅದೇ ಕಾಲರ್, ಅದೇ ನಿಲುವು. ಈ ಮನುಷ್ಯನಿಗೆ ಎಷ್ಟು ಸಲ ಹೇಳುವುದಪ್ಪಾ ಎಂದು ಒಳಗೊಳಗೇ ಸಿಡುಕುತ್ತಿದ್ದೆ.

ಒಂದು ದಿನ ರೈಲು ಬರುವ ಹೊತ್ತಿಗೆ ಮೋಡ ಸರಿದು ಒಳ್ಳೆಯ ಬಿಸಿಲು ಬಿತ್ತು. ಅವರನ್ನು ಸರಿಸಲು ಸಮಯವಿರಲಿಲ್ಲ, ಹಾಗೇ ಫೋಟೊ ಹೊಡೆದುಬಿಟ್ಟೆ. ರೈಲು ಹೋದ ಮೇಲೆ ಅವರು ಹತ್ತಿರ ಬಂದು, "ಬಂದಿದ್ದೀನಾ ನಾನು?" ಎಂದು ಕೇಳಿದರು.

"ಚೆನ್ನಾಗಿ ಬಂದಿದ್ದೀರಿ," ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಸ್ಟುಡಿಯೋದ ಕಾರ್ಡು ಕೇಳಿ ಪಡೆದು ಪೆಟ್ಟಿಗೆಯೊಳಗೆ ಇಟ್ಟುಕೊಂಡರು.

ಊರಿಗೆ ಬಂದವನೇ ಕಂಪ್ಯೂಟರಿನಲ್ಲಿ ಅವರನ್ನು ಅಳಿಸಿದೆ. ನಮ್ಮ ಕಸುಬಿನಲ್ಲಿ ಇದು ದಿನಾ ಮಾಡುವ ಕೆಲಸ. ಸತ್ತವರ ಫೋಟೊ ಬೇಕೆಂದು ಜನ ಮದುವೆಯ ಗ್ರೂಪ್ ಫೋಟೊ ತರುತ್ತಾರೆ. ಅದರಲ್ಲಿ ಒಬ್ಬರನ್ನು ಉಳಿಸಿ, ಮಿಕ್ಕವರನ್ನೆಲ್ಲ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡುತ್ತೇವೆ. ಇಲ್ಲಿ ಒಬ್ಬರನ್ನೇ ಅಳಿಸಬೇಕಿತ್ತು, ಕಾಲು ಗಂಟೆ ಸಾಕಾಯಿತು. ದೊಡ್ಡದಾಗಿ ಪ್ರಿಂಟ್ ತೆಗೆದು ಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ತೂಗುಹಾಕಿದೆ. ಮೂಲ ಫೋಟೊ ಇದ್ದ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಇನ್ಯಾರದೋ ಮದುವೆಗೆಂದು ಖಾಲಿ ಮಾಡಿದೆ.

ಹೋದ ವರ್ಷ ಹೊಸನಗರದ ಬಸ್ಸಿಳಿದು ಒಬ್ಬಳು ಹೆಂಗಸು ಸ್ಟುಡಿಯೋಗೆ ಬಂದಳು. ಕೈಯಲ್ಲಿ ನನ್ನದೇ ಕಾರ್ಡು, ತುದಿ ಸವೆದಿತ್ತು. ಹಾಲ್ಟಿನವರ ಮಗಳು. ಅಪ್ಪ ತೀರಿಕೊಂಡು ವಾರವಾಯಿತೆಂದಳು.

"ಹನ್ನೊಂದನೇ ದಿನದ ಕಾರ್ಯಕ್ಕೆ ಇಡಕ್ಕೆ ಒಂದು ಫೋಟೊ ಬೇಕು ಸರ್. ಆಧಾರ್ ಕಾರ್ಡಲ್ಲಿರೋದು ಅಪ್ಪ ಅಂತಾನೇ ಗೊತ್ತಾಗಲ್ಲ. ನನ್ನ ಮದುವೇಲೂ ಧಾರೆ ಮುಗಿದಿದ್ದೇ ರೈಲಿನ ಹೊತ್ತಾಯ್ತು ಅಂತ ಹೋಗ್ಬಿಟ್ರು, ಗ್ರೂಪ್ ಫೋಟೊದಲ್ಲಿಲ್ಲ. ನೀವು ತೆಗ್ದಿದ್ದೀರಂತಲ್ಲ, ಊರಿಗೆಲ್ಲ ಹೇಳಿದ್ರು. ಭಾನುವಾರ ಬಂತು ಅಂದ್ರೆ ನೀವು ಬರ್ತೀರಿ ಅಂತ ಇಸ್ತ್ರಿ ಮಾಡಿದ ಶರ್ಟೇ ಹಾಕ್ಕೊಂಡು ಹೋಗೋರು."

ಹುಡುಕುವವನ ಹಾಗೆ ಕಂಪ್ಯೂಟರ್ ತೆರೆದೆ. ನನಗೆ ಗೊತ್ತಿತ್ತು, ಆ ಹಾಲ್ಟಿನ ನೂರಾರು ಚಿತ್ರಗಳಲ್ಲಿ ಒಂದರಲ್ಲೂ ಅವರಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಸುಳ್ಳು ಹೇಳುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಅಷ್ಟರಲ್ಲಿ ಅವಳು ಗೋಡೆಯ ಹತ್ತಿರ ಹೋಗಿದ್ದಳು. "ಇದು ನಮ್ಮ ಹಾಲ್ಟೇ ಅಲ್ವಾ? ಅಯ್ಯೋ, ಅಪ್ಪನ ಪೆಟ್ಟಿಗೆ!"

ನಾನೂ ಎದ್ದು ನೋಡಿದೆ. ಬೆಂಚಿನ ಮೇಲೆ, ನೆರಳಲ್ಲಿ, ಹಸಿರು ತಗಡಿನ ಪೆಟ್ಟಿಗೆ. ಮನುಷ್ಯನನ್ನು ಅಳಿಸುವ ಗಡಿಬಿಡಿಯಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇಷ್ಟು ದಿನ ನನ್ನ ತಲೆಯ ಮೇಲೇ ನೇತಾಡುತ್ತಿತ್ತು.

"ಪೆಟ್ಟಿಗೆ ಬಿಟ್ಟು ಒಂದು ಹೆಜ್ಜೆ ಆಚೆ ಹೋಗೋರಲ್ಲ ಅವರು," ಎಂದಳು. "ಇಲ್ಲೇ ಎಲ್ಲೋ ಇರ್ಬೇಕು ಸರ್."

ಸುಳ್ಳು ನಾಲಿಗೆಗೆ ಬರಲಿಲ್ಲ. ಬೆಂಚಿನ ಪಕ್ಕ ಗಾಜಿನ ಮೇಲೆ ಬೆರಳಿಟ್ಟು, "ಇಲ್ಲೇ ನಿಂತಿದ್ರು ತಂಗಿ. ನಾನೇ ಅಳಿಸಿದೆ," ಎಂದೆ.

ಅವಳು ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಬೆರಳಿದ್ದ ಜಾಗವನ್ನೇ ನೋಡುತ್ತ, "ಅಷ್ಟು ಅಡ್ಡ ಆಗಿದ್ರಾ ನಿಮಗೆ?" ಎಂದು ಕೇಳಿದಳು.

ಆಧಾರ್ ಕಾರ್ಡಿನ ಮುಖ ತೆಗೆದು ಅಲ್ಲೇ ಕೂರಿಸಿಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಬೇಡ ಎಂದಳು. ಗೋಡೆಯಲ್ಲಿದ್ದದ್ದನ್ನೇ ಕೇಳಿದಳು. ಇಳಿಸಿ, ಗಾಜು ಒರೆಸಿ, ಪೇಪರಿನಲ್ಲಿ ಸುತ್ತಿ ಕೊಟ್ಟೆ. ಹೊರಡುವಾಗ, "ಹನ್ನೊಂದಕ್ಕೆ ಬನ್ನಿ ಸರ್," ಎಂದಳು.

ಹೋಗಿದ್ದೆ. ಕ್ಯಾಮೆರಾ ಒಯ್ಯಲಿಲ್ಲ. ಜಗಲಿಯಲ್ಲಿ ಮಣೆಯ ಮೇಲೆ ನನ್ನ ಚಿತ್ರ ಇಟ್ಟಿದ್ದರು, ಮುಂದೆ ದೀಪ ಹಚ್ಚಿದ್ದರು. ಬಂದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಆ ಖಾಲಿ ಬೆಂಚಿಗೆ ಹೂವು ಹಾಕಿ ಕೈ ಮುಗಿದರು. ನನ್ನ ಸರದಿ ಬಂದಾಗ ನಾನೂ ಹಾಕಿದೆ.