ಮಂಚದ ಕೆಳಗೆ ಸರಿದ ಗಾಡಿ

ಅಥವಾ ಅಂದು ಅವಳ ಕಾಲುಗಳ ಮೇಲೆ ಹೊದಿಸಿದ್ದ ಕೌದಿ ಹಸಿರು ಬಣ್ಣದ್ದಾಗಿರಲಿಲ್ಲವೇನೋ. ಅಂಚಿನಲ್ಲಿ ಕೆಂಪು ತ್ರಿಕೋನಗಳಿದ್ದವು, ಅಷ್ಟಂತೂ ನಿಜ. ಅದೂ ನಿಜವೋ, ಅಥವಾ ನನ್ನ ಬಳಿ ಉಳಿದಿರುವ ಇನ್ನೊಂದು ಕೌದಿಯ ಅಂಚನ್ನು ತಂದು ಅದಕ್ಕೆ ಹೊಲಿಯುತ್ತಿದ್ದೇನೋ... ಮೊನ್ನೆ ಚಳಿ ಶುರುವಾದಾಗ, ಅವಳು ನನ್ನ ಅವ್ವನಿಗೆ ಹೊಲಿದುಕೊಟ್ಟಿದ್ದ ಕೌದಿಯನ್ನು ಟ್ರಂಕಿನಿಂದ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ. ಅದರಡಿಯಲ್ಲಿ ಸಣ್ಣಗೆ ಯಂತ್ರದ ಎಣ್ಣೆಯ ವಾಸನೆ. ಕೌದಿಯನ್ನು ಕೈಯಲ್ಲಿ ಹೊಲಿಯುತ್ತಾರೆ, ಎಣ್ಣೆ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅದು ಅವಳ ಗಾಡಿಯ ಎಣ್ಣೆ.

ಬಸವಕಲ್ಯಾಣದಲ್ಲಿ ನಮ್ಮ ಗೋಡೆಗೆ ಹೊಂದಿಕೊಂಡ ಮನೆ ಅವಳದು. ಓಣಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಎರಡೂ ಕಾಲುಗಳ ಶಕ್ತಿಯನ್ನು ಒಯ್ದಿತ್ತು. ಒಂದು ಹಲಗೆ, ಅದರಡಿ ಬೇರಿಂಗಿನ ಗಾಲಿಗಳು, ಅದೇ ಅವಳ ಗಾಡಿ. ಅದರ ಮೇಲೆ ಕೂತು, ಕೈಯಿಂದ ನೆಲ ತಳ್ಳುತ್ತ, ಶಹಾಬಾದಿ ಕಲ್ಲಿನ ಮೇಲೆ ಗರಗರ ಸದ್ದು ಮಾಡುತ್ತ ಮನೆಯೆಲ್ಲ ತಿರುಗುತ್ತಿದ್ದಳು. ಜನ ತಂದುಕೊಟ್ಟ ಹಳೆಯ ಸೀರೆಗಳಿಂದ ಕೌದಿ ಹೊಲಿದು ಬದುಕುತ್ತಿದ್ದಳು. ಅವಳ ಅಪ್ಪ ಸಾಯುವ ಮೊದಲು ಮನೆಯನ್ನು ಅವಳ ಹೆಸರಿಗೆ ಮಾಡಿಹೋಗಿದ್ದ. ಹುಮನಾಬಾದಿನಲ್ಲಿ ಅಂಗಡಿ ಇಟ್ಟಿದ್ದ ತಮ್ಮ ಬಂದಾಗಲೆಲ್ಲ, ಒಬ್ಬಳೇ ಯಾಕಿರುತ್ತೀ, ಇದನ್ನು ಬಾಡಿಗೆಗೆ ಕೊಟ್ಟು ನಮ್ಮಲ್ಲಿಗೆ ಬಾ ಎನ್ನುತ್ತಿದ್ದ. ಕೆಟ್ಟವನಲ್ಲ, ಪ್ರೀತಿಯಿಂದಲೇ ಕರೆಯುತ್ತಿದ್ದ.

“ಮನಿ ಟ್ಯಾಕ್ಸ್ ನನ್ನ ಕೈಲೆ ಕಟ್ಟೋತನಕ ನಾ ಇಲ್ಲೇ. ಕೈ ಸೋತ ದಿನ ಬರ್ತೀನಿ ನಡಿ,” ಎಂದು ಅವಳು ಅವನಿಗೆ ಮಾತು ಕೊಟ್ಟಿದ್ದಳು.

ಪೇಟೆಗೆ ಮೆತ್ತನೆಯ ರಗ್ಗುಗಳು ಬಂದವು. ಕೌದಿ ಹೊಲಿಸುವವರು ಕಡಿಮೆಯಾದರು. ಕೈ ಸೋಲುವ ದಿನ ದೂರವಿರಲಿಲ್ಲ. ಅಂಥ ಹೊತ್ತಿನಲ್ಲೇ ಒಂದು ಬೆಳಿಗ್ಗೆ ಕಸದ ಗಾಡಿಯ ಮೈಕು, ಅಂಗವಿಕಲ ಮನೆ ಮಾಲೀಕರಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿ ಎಂದು ಕೂಗಿಕೊಂಡು ಹೋಯಿತು. ಖಾಲಾ ಗಾಡಿ ತಳ್ಳಿಕೊಂಡು ಬಾಗಿಲಿಗೆ ಬಂದಳು.

“ಕೇಳಿದ್ರೇನು? ನನ್ನ ಕಾಲಿಗಿ ಕಡೀಕ ಕಿಮ್ಮತ್ ಬಂತು!”

ಅರ್ಜಿ ಹೋಯಿತು. ಬೀದರಿನ ಆಸ್ಪತ್ರೆಗೆ ಅಲೆದು ಸರ್ಟಿಫಿಕೇಟ್ ತರುವುದು ಅವಳಿಂದಾಗದ ಮಾತು. ಹಾಗಾದರೆ ಒಬ್ಬರು ಮನೆಗೇ ಬಂದು, ಕಣ್ಣಾರೆ ನೋಡಿ ಬರೆದುಕೊಳ್ಳುತ್ತಾರೆ ಎಂದು ಕಚೇರಿಯಿಂದ ಹೇಳಿಕಳಿಸಿದರು.

ಆ ದಿನ ಓಣಿಯ ಹೆಂಗಸರು, ಅವರಲ್ಲಿ ನನ್ನ ಅವ್ವನೂ, ಬೆಳಿಗ್ಗೆಯೇ ಖಾಲಾಳ ಮನೆ ಸೇರಿದರು. ನಾನು ನಮ್ಮ ಮನೆಯ ಕುರ್ಚಿ ಹೊತ್ತುಕೊಂಡು ಹೋದೆ. ಯಾರದೋ ಮನೆಯ ಒಳ್ಳೆಯ ಚಹಾದ ಕಪ್ಪು-ಬಶಿಗಳು ಬಂದವು. ಇನ್ಯಾರೋ ಮಂಡಕ್ಕಿ ನೆನೆಸಿ ಸುಸಲಾ ಒಗ್ಗರಣೆ ಹಾಕಿ ತಂದರು.

“ಸಾಹೇಬ್ರು ಕುರ್ಚಿ ಮ್ಯಾಲ ಕುಂತಾಗ ನೀ ನೆಲದಾಗ ಕುಂದ್ರತೀಯೇನ?” ಎಂದು ಅವ್ವ ಗದರಿಸಿದಳು. ಎಲ್ಲರೂ ಸೇರಿ ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಿದರು. ಕಣ್ಣಿಗೆ ಸುರ್ಮಾ, ತಲೆಗೆ ಇಸ್ತ್ರಿಯ ದುಪಟ್ಟಾ. ಕಾಲುಗಳ ಮೇಲೆ ಹೊಸ ಕೌದಿ.

“ಏ, ಬರೋವ್ರು ಟ್ಯಾಕ್ಸಿನವ್ರೋ, ಗಂಡಿನ ಕಡಿಯವ್ರೋ?” ಖಾಲಾ ನಗುತ್ತಿದ್ದಳು. “ಒಪ್ಪಿಬಿಟ್ರ ಏನ್ ಮಾಡ್ಲಿ?”

“ಒಪ್ಪಿದ್ರ ಹೂಂ ಅನ್ನು. ಸರ್ಕಾರಿ ನೌಕರಿ ಅದ, ಪಿಂಚಣಿ ಬರ್ತದ,” ಎಂದಳು ಅವ್ವ.

ಹಲಗೆಯ ಗಾಡಿ ಮಂಚದ ಕೆಳಗೆ ಸರಿಯಿತು. ಸರಿಸಿದವರು ಯಾರು? ನೆನಪು ಒಮ್ಮೆ ಅವ್ವನ ಪಾದವನ್ನು ತೋರಿಸುತ್ತದೆ. ಒಮ್ಮೆ ಖಾಲಾಳೇ ಬಾಗಿ ಕೈಯಿಂದ ಒಳಕ್ಕೆ ನೂಕಿದ್ದನ್ನು. ಎರಡೂ ಅಷ್ಟೇ ಸ್ಪಷ್ಟ, ಅದಕ್ಕೇ ಎರಡನ್ನೂ ನಂಬಲಾರೆ. ಹೊರಗಿನವರು ಹೆಣ್ಣನ್ನು ನೋಡಲು ಬರುತ್ತಾರೆಂದರೆ ಆ ಕೈಗಳಿಗೆ ತಲೆಮಾರುಗಳಿಂದ ಗೊತ್ತಿದ್ದದ್ದು ಒಂದೇ: ಊನವನ್ನು ಮುಚ್ಚಬೇಕು. ಇಂದು ತೋರಿಸಬೇಕಾದದ್ದೇ ಅದು ಎಂದು ಆ ಸಡಗರದಲ್ಲಿ ಯಾರಿಗೂ ಹೊಳೆಯಲಿಲ್ಲ.

ಬಂದವರು ಮರ್ಯಾದಸ್ಥರು. ಚಪ್ಪಲಿ ಹೊರಗೆ ಬಿಟ್ಟರು. ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿದರು. ಕೌದಿಯ ಹೊಲಿಗೆಯನ್ನು ಹೊಗಳಿದರು. ಅದನ್ನು ಸರಿಸಿರಿ ಎಂದು ಪರರ ಮನೆಯ ಹೆಣ್ಣುಮಗಳಿಗೆ ಹೇಗೆ ಹೇಳುವುದು? ಗೋಡೆ ನೋಡಿದರು, ಸೂರು ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು.

“ಮತ್ತ... ತಬಿಯತ್ ಹ್ಯಾಂಗದ್ರಿ, ಆಪಾ?”

“ಅಲ್ಲಾನ ಮೆಹರ್ಬಾನಿ ಸಾಹೇಬ್. ಏನೂ ಕಮ್ಮಿ ಇಲ್ರಿ.”

ಮನೆಗೆ ಬಂದವರಿಗೆ ಯಾರಾದರೂ ಹೇಳುವ ಮಾತು ಅದು. ಅವ್ವ ಬಾಗಿಲ ಬಳಿಯಿಂದ, “ಹಂಗಲ್ರಿ ಸಾಹೇಬ್ರ, ಆಕಿಗಿ...” ಎಂದು ಶುರುಮಾಡಿದಳು. ಖಾಲಾ ಅವಳ ಕಡೆ ತಿರುಗಿ, “ಸಾಹೇಬ್ರಿಗಿ ಇನ್ನೊಂಚೂರು ಸುಸಲಾ ಹಾಕವ್ವಾ,” ಎಂದಳು. ಇದನ್ನು ನಾನು ಕೇಳಿದೆನೇ, ಅಥವಾ ಅವ್ವ ಆಮೇಲೆ ಹೇಳಿ ಹೇಳಿ ನನ್ನ ಕಿವಿಯಲ್ಲಿ ಕೂರಿಸಿದಳೇ...

ಅರ್ಜಿ ತಿರಸ್ಕೃತವಾಯಿತು. ಮಾಲೀಕರಲ್ಲಿ ಅಂಗವೈಕಲ್ಯ ಕಂಡುಬಂದಿಲ್ಲ ಎಂದು ಬರೆದಿತ್ತು. ಅವ್ವ ಹಣೆ ಚಚ್ಚಿಕೊಂಡಳು. ಮತ್ತೆ ಕರೆಸೋಣ, ಈ ಸಲ ಗಾಡಿಯ ಮೇಲೇ ಕೂತಿರು ಎಂದು ಗೋಗರೆದಳು.

“ಒಮ್ಮಿ ನೋಡಿ ಒಲ್ಲೆ ಅಂದೋರಿಗಿ ಮತ್ತ ಕರೀತಾರೇನು?” ಎಂದು ಖಾಲಾ ನಕ್ಕಳು.

ಆ ವರ್ಷ ಮನೆಯ ತೆರಿಗೆಯನ್ನು ತಮ್ಮ ಕಟ್ಟಿದ. ಅವಳು ಕೊಟ್ಟ ಮಾತು ಉಳಿಸಿಕೊಂಡು ಹುಮನಾಬಾದಿಗೆ ಹೋದಳು. ಅಲ್ಲಿ ಮಹಡಿಯ ಮನೆ, ಕೋಣೆಗೊಂದು ಹೊಸ್ತಿಲು. ಗಾಡಿ ಇಲ್ಲೇ ಉಳಿಯಿತು.

ಮುಂದೊಮ್ಮೆ ಹುಮನಾಬಾದಿನ ಹತ್ತಿರದ ಮಾಣಿಕನಗರಕ್ಕೆ ಹೋದಾಗ ಅವಳನ್ನು ಕಾಣಲು ಹೋಗಿದ್ದೆ. ಮಂಚದ ಮೇಲೆ ಕೂತಿದ್ದಳು. ಕಾಲುಗಳ ಮೇಲೆ ಪೇಟೆಯ ರಗ್ಗು. ತಮ್ಮನ ಹೆಂಡತಿ ಒಳ್ಳೆಯ ಹೆಣ್ಣುಮಗಳು, ಇಬ್ಬರಿಗೂ ಚಹಾ ತಂದಿಟ್ಟಳು. ಅತಿಥಿ ನಾನೋ ಅವಳೋ ತಿಳಿಯಲಿಲ್ಲ.

“ಹ್ಯಾಂಗಿದ್ದಿ ಖಾಲಾ?”

“ಏನೂ ಕಮ್ಮಿ ಇಲ್ಲ, ಬೇಟಾ.”

ಅದೇ ಮಾತು, ಅದೇ ನಗು. ನಾನು ಬಶಿಯಲ್ಲಿ ಚಹಾ ಆರಿಸುತ್ತ ಕೂತೆ, ಆ ಸಾಹೇಬರ ಹಾಗೆಯೇ.

ಈಗ ಖಾಲಾ ಇಲ್ಲ. ಗಾಡಿ ಸರಿಸಿದ್ದು ಯಾರೆಂದು ಕೇಳಲು ಅವ್ವನೂ ಇಲ್ಲ. ಪಕ್ಕದ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಗೋಡೆಯಾಚೆಯ ಗರಗರ ನಿಂತು ಎಷ್ಟೋ ಕಾಲವಾಯಿತು. ಕೌದಿಯನ್ನು ಮೂಗಿಗೆ ಹಿಡಿದು ಕೂತಿದ್ದೇನೆ. ಎರಡು ಸಲ ಮಡಿಸಿ ಬಿಚ್ಚಿದ್ದಕ್ಕೇ ಎಣ್ಣೆಯ ವಾಸನೆ ತೆಳುವಾಗಿದೆ. ಅಂದು ಅವಳ ಬಾಯಿಂದ ‘ಏನೂ ಕಮ್ಮಿ ಇಲ್ಲ’ ಎಂಬ ಆ ಮಾತು ಬರೀ ರೂಢಿಯಿಂದ ಬಂತೋ, ಅಥವಾ ಜೀವಮಾನದಲ್ಲಿ ಒಮ್ಮೆ ತನ್ನನ್ನು ನೋಡಲು ಬಂದವರ ಎದುರು, ಮನೆ ಕೈಬಿಟ್ಟು ಹೋದರೂ ಸರಿಯೆಂದು, ಬೇಕೆಂದೇ ಹಾಗೆಂದಳೋ... ನನಗೆ ಗೊತ್ತಿಲ್ಲ.