ಎಣಿಸಿ ಸುಟ್ಟ ರೊಟ್ಟಿ

ಮಹಾರಾಷ್ಟ್ರದ ಗಡಿಯ ಮುರುಮಕ್ಕೆ ಬಂದ ಮೂರನೇ ತಿಂಗಳು, ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದವರು ಉಣ್ಣದೆ ಎದ್ದು ಹೋದರು. ಮನೆ ಮಾಲೀಕರಾದ ಆಯಿ ಮತ್ತು ಅವರ ಮಗ. ಆಯಿ ಎಂದರೆ ಮರಾಠಿಯಲ್ಲಿ ತಾಯಿ. ಓಣಿಯವರೆಲ್ಲ ಕರೆಯುವಂತೆ ನಾನೂ ಹಾಗೇ ಕರೆಯುತ್ತೇನೆ. ಜೋಳದ ರೊಟ್ಟಿ ಬಡಿಯಲು ಕಲಿಸಿದ್ದೂ ಅವರೇ. ಹೆಂಚು ಕಾದಿತ್ತು. "ಒಬ್ಬೊಬ್ಬರಿಗೆ ಎಷ್ಟು ರೊಟ್ಟಿ ಮಾಡಲಿ?" ಎಂದು ಕೇಳಿದೆ, ಅಷ್ಟೇ.

ಆಯಿ ತಟ್ಟೆ ಸರಿಸಿದರು. "ಮನಿಗಿ ಬಂದವರಿಗಿ ಹಿಂಗ ಕೇಳ್ತಾರೇನು ತಂಗಿ? ರೊಟ್ಟಿ ಎಣಸಬಾರದು."

"ರಾಹೂ ದೇ, ಆಯಿ," ಇರಲಿ ಬಿಡು ಎಂದ ಮಗ. ಅವರು ನಿಲ್ಲಲಿಲ್ಲ.

ನಮ್ಮ ತುಮಕೂರಿನ ಕಡೆ ಮುದ್ದೆಯನ್ನು ಕೇಳಿಯೇ ಕಟ್ಟುವುದು. ಇಲ್ಲಿ ರೊಟ್ಟಿ ಬುಟ್ಟಿಯಲ್ಲಿ ಪೇರಿಸಿರುತ್ತದೆ, ಎಷ್ಟಿದೆಯೆಂದು ಮಾಡಿದವರಿಗೂ ಗೊತ್ತಿರುವುದಿಲ್ಲ. ಐವತ್ತು ದಾಟಿದ ಮೇಲೆ ಊರು ಬದಲಿಸಬಾರದು. ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋದರೆ ನನ್ನೊಡನೆ ಕನ್ನಡ ಆಡುವವರು ಆಯಿ ಒಬ್ಬರೇ. ಅಂಗಡಿಯಲ್ಲಿ ಕೈ ತೋರಿಸಿ ಸಾಮಾನು ಕೊಳ್ಳುವ ನನಗೆ ಆಯಿಯ ಮಾತೂ ನಿಂತರೆ ಈ ಊರಲ್ಲಿ ಇರುವುದು ಹೇಗೆ? ನಾಲ್ಕು ದಿನ ಅವರು ನಳಕ್ಕೆ ನೀರು ಬಂದಾಗಲೂ ನನ್ನನ್ನು ಕೂಗಲಿಲ್ಲ.

ಐದನೇ ದಿನ ಸಾಕಾಗಿ ಹೋಗಿ ಅವರ ಕಟ್ಟೆಯ ಮೇಲೆ ಕೂತು ಅಪ್ಪನ ವಿಷಯ ಹೇಳಿದೆ.

ಅಪ್ಪ ಬಾಂಗ್ಲಾ ಯುದ್ಧದಲ್ಲಿ ಸೈನ್ಯದ ಬೇಕರಿಯಲ್ಲಿದ್ದರು. ಬಂದೂಕಿನ ಕಥೆ ಕೇಳಲು ಬಂದವರಿಗೆ ಅವರಲ್ಲಿ ಹೇಳಲು ಏನೂ ಇರಲಿಲ್ಲ. ಚಳಿಗೆ ಹಿಟ್ಟು ಉಬ್ಬುವುದಿಲ್ಲವೆಂದು ತಮ್ಮ ಕಂಬಳಿಗಳನ್ನು ಹಿಟ್ಟಿಗೆ ಹೊದಿಸಿ, ತಾವು ಭಟ್ಟಿಯ ಬೂದಿಯ ಪಕ್ಕ ಮಲಗುತ್ತಿದ್ದರಂತೆ. ಮುಂದಿನ ತುಕಡಿಯಲ್ಲಿ ಎಷ್ಟು ಜನರಿದ್ದಾರೆ ಎಂಬ ಚೀಟಿ ದಿನಾ ಬರುತ್ತಿತ್ತು, ಅಷ್ಟಕ್ಕೇ ಬ್ರೆಡ್ಡು. ಒಂದು ದಿನ ಕಳಿಸಿದ ಪೆಟ್ಟಿಗೆಗಳು ಅರ್ಧ ತುಂಬಿದಂತೆಯೇ ಹಿಂದಕ್ಕೆ ಬಂದವು. ತಿನ್ನಬೇಕಾದವರು ಉಳಿದಿರಲಿಲ್ಲ. ಬಿಸಾಡುವಂತಿರಲಿಲ್ಲ, ಬೇಕರಿಯವರೇ ತಿಂದರು. ಆಮೇಲೆ ಅಪ್ಪನಿಗೆ ಮನೆಯಲ್ಲಿ ಒಂದು ತುತ್ತು ಉಳಿದರೂ ಆಗುತ್ತಿರಲಿಲ್ಲ. ನಮ್ಮನ್ನೆಲ್ಲ ಕೇಳಿ, ಎಣಿಸಿಯೇ ಅಡುಗೆ. ನನಗೂ ಅದೇ ರೂಢಿಯಾಯಿತು.

ಆಯಿ ಕಾಳು ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟರು. ಆಮೇಲೆ, "ಪಾಪ, ಆ ಮನಷ್ಯಾ ಏಸು ತ್ರಾಸ ತಗೊಂಡಾನ," ಎಂದರು. "ಖರೆ, ನಮ್ಮ ಮನ್ಯಾಗ ಉಳೀಬೇಕವ್ವಾ. ಹೊತ್ತಿಲ್ಲದ ಹೊತ್ತಿನ್ಯಾಗ ಜಂಗಮರು ಬರ್ತಾರ, ಹಸದವರು ಬರ್ತಾರ. ಬುಟ್ಟಿ ಬರಿದಿದ್ರ ಏನ್ ಕೊಡ್ಲಿ?"

ಮರುದಿನ ನಳ ಬಂದಾಗ ಕೂಗಿದರು. ಕೊಡ ಹಿಡಿದು ಓಡಿದೆ. ನನ್ನ ಮನೆಯಲ್ಲೂ ಈಗ ಒಂದು ಬುಟ್ಟಿಯಿದೆ. ಎಣಿಸದೆ ರೊಟ್ಟಿ ಬಡಿಯಲು ಕೈಗೆ ಒಂದು ವರ್ಷ ಹಿಡಿಯಿತು.

ಹೋದ ತಿಂಗಳು ತುಮಕೂರಿನ ತಮ್ಮನ ಮನೆಗೆ ಹೋಗಿದ್ದೆ. ಯಾರನ್ನೂ ಕೇಳದೆ ಮುದ್ದೆ ಕಟ್ಟಿದೆ, ಎಲ್ಲರೂ ಉಂಡ ಮೇಲೂ ಒಂದು ಉಳಿಯಿತು. ಅಮ್ಮ ಅದನ್ನು ನೋಡಿದವಳೇ ಬಾಗಿಲ ಕಡೆ ಕಣ್ಣು ಹಾಯಿಸಿ, ತಟ್ಟೆಯನ್ನು ಸೆರಗಿನಡಿ ತಂದು ನನ್ನ ಕೈಗಿಟ್ಟಳು.

"ನಿಮ್ಮಪ್ಪ ಬರೋದ್ರೊಳಗೆ ತಿಂದ್ಬಿಡು."

ಅಪ್ಪ ತೀರಿಕೊಂಡು ಆರು ವರ್ಷವಾಗಿದೆ. ಮುರುಮದಲ್ಲಾಗಿದ್ದರೆ ಅದು ಬರುವವರಿಗೆಂದು ಇರುತ್ತಿತ್ತು. ಹೊಟ್ಟೆ ತುಂಬಿತ್ತು. ಒಲೆಯ ಪಕ್ಕ ನಿಂತು, ಒಂದು ಚೂರೂ ಬಿಡದೆ ತಿಂದೆ.